ಮಾಳಿಗೆ ಮೇಲಿನ ಸೋಲಾರ್‌ಗೆ ಮನೆ ವಿಮೆ ಸಾಕೇ?

ಪ್ರಶ್ನೆ: ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಸ್ವಂತ ಮನೆ ಇದೆ. ಸೂರ್ಯ ಘರ್ ಯೋಜನೆಯಡಿ 550 ವ್ಯಾಟ್‌ನ 6 ಪ್ಯಾನೆಲ್ ಹಾಕಿಸಿದ್ದೇವೆ, ಒಟ್ಟು 3.3 ಕಿಲೋವ್ಯಾಟ್. ಬಿಲ್ಲು 1,95,000 ರೂಪಾಯಿ ಆಯಿತು, 78,000 ಸಬ್ಸಿಡಿ ಬಂತು. ಗೃಹಸಾಲದ ಜೊತೆ ಬ್ಯಾಂಕಿನವರು ಮಾಡಿಸಿದ ಮನೆ ವಿಮೆ ಇದೆ. ಬಿರುಗಾಳಿ, ಆಲಿಕಲ್ಲು, ಸಿಡಿಲು, ಮಂಗನ ಕಾಟ, ಕಳ್ಳತನ ಎಲ್ಲಕ್ಕೂ ಅದೇ ಸಾಕು ಅಂತಾರೆ ಏಜೆಂಟರು. ನಿಜವೇ? ಬೇರೆ ಪಾಲಿಸಿ ಬೇಕೇ?

ಉತ್ತರ: ಏಜೆಂಟರ ಮಾತು ಅರ್ಧ ನಿಜ. ಸೋಲಾರ್ ಪ್ಯಾನೆಲ್ ಮನೆ ವಿಮೆಯ ಒಳಗೆ ಬರುತ್ತದೆ. ಆದರೆ ಹಾನಿ ಆದಾಗ ದುಡ್ಡು ಕೈಗೆ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಎರಡು ಸಂಗತಿ: ಪಾಲಿಸಿಯ ಷೆಡ್ಯೂಲ್‌ನಲ್ಲಿ (ಏನಕ್ಕೆ ಎಷ್ಟು ವಿಮೆ ಎಂದು ಬರೆದ ಪುಟ) ನಿಮ್ಮ ಸೋಲಾರ್ ಎಷ್ಟು ಮೊತ್ತಕ್ಕೆ ದಾಖಲಾಗಿದೆ, ಮತ್ತು ಹಾನಿ ಯಾವ ಕಾರಣದಿಂದ ಆಯಿತು. ನೀವು ಹೆಸರಿಸಿದ ಐದರಲ್ಲಿ ಬಿರುಗಾಳಿಗೆ ರಕ್ಷಣೆ ಗಟ್ಟಿಯಾಗಿದೆ. ಆಲಿಕಲ್ಲಿಗೂ ಬಹುಪಾಲು ಇದೆ. ಸಿಡಿಲಿಗೆ ಇದೆ, ಆದರೆ ಅದರಲ್ಲಿ ದೊಡ್ಡದೊಂದು ತೂತೂ ಇದೆ. ಮಂಗನ ವಿಷಯ ಅನುಮಾನ. ಬರೀ ಕಳ್ಳತನಕ್ಕೆ ಇಲ್ಲ.

ಮೊದಲು ನಿಮ್ಮ ಪಾಲಿಸಿ ಯಾವುದೆಂದು ನೋಡಿ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿದೆ. ಯಾವ ಕಂಪನಿಯಲ್ಲಿ ಕೊಂಡರೂ ಅದರ ಮೂಲ ಷರತ್ತು ಒಂದೇ. ಈ ಪಾಲಿಸಿಯಲ್ಲಿ ಸೋಲಾರ್ ಪ್ಯಾನೆಲ್ ಎಂಬ ಶಬ್ದ ಎರಡು ಕಡೆ ಬರುತ್ತದೆ. ಕಟ್ಟಡದ ವ್ಯಾಖ್ಯೆಯಲ್ಲಿ, ‘ಮನೆ ಸಾಮಾನಿನಲ್ಲಿ ಸೇರಿಸಿರದಿದ್ದರೆ’ ಎಂಬ ಷರತ್ತಿನೊಂದಿಗೆ ಒಮ್ಮೆ. ಮನೆ ಸಾಮಾನಿನ ಪಟ್ಟಿಯಲ್ಲಿ, ಆಂಟೆನಾ ಮತ್ತು ನೀರಿನ ಸಂಗ್ರಹ ಸಾಧನಗಳ ಪಕ್ಕದಲ್ಲಿ ಇನ್ನೊಮ್ಮೆ. ಅಂದರೆ ಎಲ್ಲಿ ಸೇರಿಸಬೇಕೆಂಬ ಆಯ್ಕೆ ನಿಮ್ಮದು. ನಿಮ್ಮ ಸಾಲ 2021ಕ್ಕಿಂತ ಹಳೆಯದಾಗಿ, ಆಗ ಮಾಡಿಸಿದ ದೀರ್ಘಾವಧಿಯ ಅಗ್ನಿ ವಿಮೆಯೇ ಇನ್ನೂ ಚಾಲ್ತಿಯಲ್ಲಿದ್ದರೆ, ಅದರಲ್ಲಿ ಸೋಲಾರ್ ಹೆಸರೇ ಇರಲಾರದು. ಹಾಗಿದ್ದಲ್ಲಿ ಹೊಸ ಪಾಲಿಸಿಗೆ ಬದಲಾಗುವುದು ಒಳ್ಳೆಯದು.

ಕಟ್ಟಡದ ಭಾಗದಲ್ಲೇ ಸೇರಿಸಿ ಎಂಬುದು ನನ್ನ ಸಲಹೆ. ಕಟ್ಟಡಕ್ಕೆ ವಿಮೆ ಮಾಡಿಸಿದಾಗ ಮನೆ ಸಾಮಾನಿಗೆ ಕಟ್ಟಡದ ಮೊತ್ತದ 20 ಶೇಕಡಾ, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ತಾನಾಗಿಯೇ ಸಿಗುತ್ತದೆ. ಆ ಮೊತ್ತದಲ್ಲಿ ಫ್ರಿಜ್ಜು, ಟಿವಿ, ಅಲ್ಮೇರಾ, ಬಟ್ಟೆಬರೆ ಎಲ್ಲವೂ ಪಾಲು ಕೇಳುತ್ತವೆ. ಕಟ್ಟಡಕ್ಕೆ 12 ಲಕ್ಷ ಬರೆಸಿದ್ದರೆ ಸಾಮಾನಿಗೆ ಸಿಗುವುದು 2,40,000. ಬೆಂಕಿಯೋ ನೆರೆಯೋ ಬಂದು ಒಳಗಿನದೂ ಮೇಲಿನದೂ ಒಟ್ಟಿಗೆ ಹಾಳಾದರೆ ಸೋಲಾರ್‌ಗೆ ಏನು ಉಳಿಯುತ್ತದೆ?

ಆದರೆ ಕಟ್ಟಡದಲ್ಲಿ ಸೇರಿಸುವಾಗ ಎಡವುವ ಜಾಗವೂ ಇದೆ. ಕಟ್ಟಡದ ವಿಮಾ ಮೊತ್ತವನ್ನು ಲೆಕ್ಕ ಹಾಕುವುದು ಕಾರ್ಪೆಟ್ ವಿಸ್ತೀರ್ಣವನ್ನು (ಗೋಡೆಗಳೊಳಗಿನ ಬಳಕೆಯ ಜಾಗ) ಇಂದಿನ ನಿರ್ಮಾಣ ದರದಿಂದ ಗುಣಿಸಿ. ಅದರಲ್ಲಿ ಸೋಲಾರ್ ಬೆಲೆ ಬರುವುದಿಲ್ಲ. ಹೆಚ್ಚುವರಿ ನಿರ್ಮಾಣ ಎಂದು ಪ್ರತ್ಯೇಕವಾಗಿ ಘೋಷಿಸಿ ಮೊತ್ತ ಕೂಡಿಸಬೇಕು. ಬ್ಯಾಂಕಿನ ಮೂಲಕ ಆದ ಪಾಲಿಸಿಗಳಲ್ಲಿ ಎಷ್ಟೋ ಸಲ ವಿಮಾ ಮೊತ್ತ ಸಾಲದ ಮೊತ್ತಕ್ಕೆ ಸಮನಾಗಿರುತ್ತದೆ, ಮನೆಯ ನಿರ್ಮಾಣ ವೆಚ್ಚಕ್ಕಲ್ಲ. ಮೇಲಾಗಿ ನಿಮ್ಮ ಸೋಲಾರ್ ಬಂದದ್ದು ಪಾಲಿಸಿ ಆದ ಮೇಲೆ. ಆದ್ದರಿಂದ ವಿಮಾ ಕಂಪನಿಗೆ ಲಿಖಿತ ಅರ್ಜಿ ಕೊಟ್ಟು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ತಿದ್ದುಪಡಿ, ಮಾಡಿಸಬೇಕು. ಉಳಿದ ಅವಧಿಗೆ ಮಾತ್ರ ಹೆಚ್ಚುವರಿ ಪ್ರೀಮಿಯಂ ಮತ್ತು ಅದರ ಮೇಲೆ ಜಿಎಸ್‌ಟಿ ಕಟ್ಟಿದರಾಯಿತು. ಅರ್ಜಿಯಲ್ಲಿ ‘ಸೋಲಾರ್ ಇದೆ’ ಎಂದಷ್ಟೇ ಬರೆದು ಬಿಡಬೇಡಿ. ಹೀಗೆ ಬರೆಯಿರಿ:

‘ಮೇಲ್ಛಾವಣಿಗೆ ಶಾಶ್ವತವಾಗಿ ಜೋಡಿಸಿದ 3.3 ಕಿಲೋವ್ಯಾಟ್ ಗ್ರಿಡ್ ಸಂಪರ್ಕಿತ ಸೌರ ಘಟಕ; 550 ವ್ಯಾಟ್‌ನ 6 ಪ್ಯಾನೆಲ್ (ಸೀರಿಯಲ್ ಸಂಖ್ಯೆಗಳ ಪಟ್ಟಿ ಲಗತ್ತಿಸಿದೆ), ಇನ್ವರ್ಟರ್ (ಮಾದರಿ, ಸೀರಿಯಲ್ ಸಂಖ್ಯೆ), ಗ್ಯಾಲ್ವನೈಸ್ಡ್ ಕಬ್ಬಿಣದ ಚೌಕಟ್ಟು, ಡಿಸಿ ಮತ್ತು ಎಸಿ ಡಬ್ಬಿಗಳು, ಕೇಬಲ್, ಮಿಂಚು ನಿರೋಧಕ, ಅರ್ಥಿಂಗ್ ಸೇರಿ; ಮರುಸ್ಥಾಪನಾ ಮೌಲ್ಯ 1,95,000 ರೂಪಾಯಿ; ಕಟ್ಟಡ ವಿಭಾಗದ ಹೆಚ್ಚುವರಿ ನಿರ್ಮಾಣವಾಗಿ ಸೇರಿಸುವುದು.’

ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ವಿದ್ಯುತ್ತನ್ನು ಮನೆ ಬಳಕೆಯ ಎಸಿಗೆ ಬದಲಿಸುವ ಪೆಟ್ಟಿಗೆ), ಚೌಕಟ್ಟು, ಕೇಬಲ್‌ಗಳನ್ನು ಹೆಸರು ಹಿಡಿದು ಬರೆಸುವುದಕ್ಕೆ ಕಾರಣವಿದೆ. ಪಾಲಿಸಿಯಲ್ಲಿ ‘ಸೋಲಾರ್ ಪ್ಯಾನೆಲ್’ ಎಂದಷ್ಟೇ ಇದ್ದರೆ, ಚೌಕಟ್ಟು ಬಾಗಿದಾಗ ಅದು ಪ್ಯಾನೆಲ್ಲೇ ಅಲ್ಲವೆಂಬ ವಾದಕ್ಕೆ ಎಡೆಯಾಗುತ್ತದೆ.

ಮೌಲ್ಯ 1,95,000 ಎಂದೇ ಇರಲಿ, ಸಬ್ಸಿಡಿ ಕಳೆದು 1,17,000 ಎಂದು ಬರೆಸಬೇಡಿ. ಈ ತಪ್ಪು ತೀರಾ ಸಾಮಾನ್ಯ. ಸೂರ್ಯ ಘರ್ ಸಬ್ಸಿಡಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಹೀಗೆ 78,000ಕ್ಕೆ ನಿಂತುಬಿಡುತ್ತದೆ. ಗಾಳಿಗೆ ಘಟಕವೇ ಹಾರಿಹೋಯಿತೆಂದು ಸರ್ಕಾರ ಅದನ್ನು ಮತ್ತೆ ಕೊಡುವುದಿಲ್ಲ. ಎರಡನೇ ಸಲ ಪೂರ್ತಿ ದುಡ್ಡು ನಿಮ್ಮ ಜೇಬಿನದೇ. ಈ ಯೋಜನೆಯಲ್ಲಿ ಬಳಸುವುದು ಒಳಗಿನ ಸೌರ ಕೋಶದಿಂದ ಹಿಡಿದು ದೇಶದಲ್ಲೇ ತಯಾರಾದ ಪ್ಯಾನೆಲ್. ಆಮದು ಕೋಶದವುಗಳಿಗಿಂತ ಅವುಗಳ ಬೆಲೆ ಹೆಚ್ಚು. ಮಾರುಕಟ್ಟೆಯ ಅಗ್ಗದ ದರ ಹಿಡಿದು ಸರ್ವೇಯರ್ (ಹಾನಿ ಅಂದಾಜು ಮಾಡಲು ಬರುವವರು) ಲೆಕ್ಕ ಹಾಕದಂತೆ, ಬಿಲ್ಲಿನಲ್ಲಿ ಆ ವಿವರ ಸ್ಪಷ್ಟವಾಗಿದೆಯೇ ಎಂದು ನೋಡಿಕೊಳ್ಳಿ.

ಇನ್ನು ಕಾರಣಗಳ ಮಾತು. ಭಾರತ್ ಗೃಹ ರಕ್ಷಾ ಪಾಲಿಸಿ ಹೆಸರಿಸಿದ ಅಪಾಯಗಳಿಗೆ ಮಾತ್ರ ದುಡ್ಡು ಕೊಡುತ್ತದೆ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಹೊರಗಿನ ವಸ್ತು ಬಂದು ಬಡಿಯುವುದು, ಗಲಭೆ, ದುರುದ್ದೇಶದ ಹಾನಿ, ಭಯೋತ್ಪಾದನೆ, ನೀರಿನ ಟ್ಯಾಂಕು ಒಡೆಯುವುದು ಇವೆಲ್ಲ ಪಟ್ಟಿಯಲ್ಲಿವೆ. ಭೂಕಂಪ ನಮಗೆ ದೂರದ ಮಾತಲ್ಲ. 1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಕಂಪನ ಬೀದರ್, ಕಲಬುರಗಿಯವರಿಗೆ ಇಂದಿಗೂ ನೆನಪಿದೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಜನ ಮನೆಯೊಳಗೆ ಮಲಗಲು ಹೆದರಿದ್ದರು. ನೆರೆಯೂ ಅಷ್ಟೇ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ನದಿ ದಂಡೆಯ ಊರುಗಳಲ್ಲಿ ಮನೆಗಳಿಗೇ ನೀರು ನುಗ್ಗಿತು. ಪ್ಯಾನೆಲ್ ಮಾಳಿಗೆ ಮೇಲಿದ್ದರೂ ಇನ್ವರ್ಟರ್ ಕೆಳಗೆ ಮೆಟ್ಟಿಲ ಬುಡದಲ್ಲಿದ್ದರೆ ಮೊದಲು ಹೋಗುವುದು ಅದೇ.

ಆಲಿಕಲ್ಲು ಎಂಬ ಶಬ್ದ ಈ ಪಟ್ಟಿಯಲ್ಲಿ ಬೇರೆಯಾಗಿ ಇಲ್ಲ. ಬಿರುಗಾಳಿಯ ಜೊತೆ ಬಂದದ್ದೆಂದು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. ಆದರೂ ‘ಆಲಿಕಲ್ಲಿನ ಹಾನಿ ಬಿರುಗಾಳಿಯಡಿ ಸೇರುತ್ತದೆಯೇ’ ಎಂದು ಕಂಪನಿಗೆ ಇಮೇಲ್ ಮಾಡಿ, ಉತ್ತರವನ್ನು ಪಾಲಿಸಿಯ ಜೊತೆ ಇಟ್ಟುಕೊಳ್ಳಿ. ಪ್ಯಾನೆಲ್‌ಗಳ ಗಟ್ಟಿತನ ನೋಡುವ ಐಇಸಿ 61215 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಲ್ಲಿ 25 ಮಿಲಿಮೀಟರ್ ದಪ್ಪದ ಮಂಜುಗಡ್ಡೆಯ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ 11 ಕಡೆ ಹೊಡೆಯುತ್ತಾರೆ. ಮಾರ್ಚ್‌ನಿಂದ ಮೇ ನಡುವೆ ಬೀದರ್, ಆಳಂದ ಕಡೆ ಬೀಳುವ ಆಲಿಕಲ್ಲು ಅದಕ್ಕಿಂತ ದಪ್ಪವಾದರೆ ಆ ಪ್ರಮಾಣಪತ್ರ ರಕ್ಷಣೆ ಕೊಡದು, ವಾರಂಟಿಯೂ ಕೊಡದು. ತಯಾರಿಕೆಯ ದೋಷಕ್ಕೆ ವಾರಂಟಿ, ಪ್ರಕೃತಿಯ ಹೊಡೆತಕ್ಕೆ ವಿಮೆ. ಯೋಜನೆಯಡಿ ಅಳವಡಿಸಿದವರು 5 ವರ್ಷ ನಿರ್ವಹಣೆ ಮಾಡಬೇಕು ನಿಜ, ಆದರೆ ಆಲಿಕಲ್ಲಿಗೆ ಒಡೆದ ಗಾಜನ್ನು ಅವರು ಪುಕ್ಕಟೆ ಬದಲಿಸುವುದಿಲ್ಲ.

ಆಲಿಕಲ್ಲಿನ ಕ್ಲೇಮಿನಲ್ಲಿ ಕಣ್ಣಿಗೆ ಬೀಳದ ನಷ್ಟವೇ ಹೆಚ್ಚು. ಒಂದು ಪ್ಯಾನೆಲ್‌ನ ಗಾಜು ಪುಡಿಯಾಗಿ, ಪಕ್ಕದ ಮೂರು ಹೊರನೋಟಕ್ಕೆ ಚೆನ್ನಾಗಿಯೇ ಇರುತ್ತವೆ. ಒಳಗಿನ ಸಿಲಿಕಾನ್ ಬಿಲ್ಲೆಗಳಲ್ಲಿ ಕೂದಲೆಳೆ ಬಿರುಕು ಬಿದ್ದಿರುತ್ತದೆ. ಕೆಲ ತಿಂಗಳಲ್ಲಿ ಆ ಜಾಗ ಕಾದು ಕಂದು ಬಣ್ಣಕ್ಕೆ ತಿರುಗುತ್ತದೆ, ಉತ್ಪಾದನೆ ಇಳಿಯುತ್ತದೆ. ಅಷ್ಟರಲ್ಲಿ ಕ್ಲೇಮು ಮುಗಿದಿರುತ್ತದೆ. ಆದ್ದರಿಂದ ಸರ್ವೇಯರ್ ಬಂದ ದಿನವೇ ಒಡೆದದ್ದನ್ನಷ್ಟೇ ಅಲ್ಲ, ಇಡೀ ಸಾಲನ್ನು ಪರೀಕ್ಷಿಸಬೇಕೆಂದು ಲಿಖಿತವಾಗಿ ಕೇಳಿ. ಅಳವಡಿಸಿದವರಿಂದ ಪ್ರತಿ ಪ್ಯಾನೆಲ್‌ನ ವೋಲ್ಟೇಜ್-ಕರೆಂಟ್ ಅಳತೆ, ಸಾಧ್ಯವಾದರೆ ಥರ್ಮಲ್ ಕ್ಯಾಮೆರಾ ಚಿತ್ರ ತೆಗೆಸಿ ವರದಿಗೆ ಲಗತ್ತಿಸಿ. ಹಾನಿಗೆ ಮುಂಚಿನ ತಿಂಗಳ ಇನ್ವರ್ಟರ್ ಆ್ಯಪ್‌ನ ದಾಖಲೆ ಇದ್ದರೆ ಹೋಲಿಕೆ ಸುಲಭ. 3.3 ಕಿಲೋವ್ಯಾಟ್ ಘಟಕ ನಮ್ಮ ಬಿಸಿಲಿಗೆ ಒಳ್ಳೆಯ ದಿನ ಸುಮಾರು 13 ಯೂನಿಟ್ ಕೊಡಬೇಕು.

ಸಿಡಿಲಿನ ತೂತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಿಡಿಲು ಪಟ್ಟಿಯಲ್ಲಿದೆ. ಆದರೆ ಹೊರಗಿಡುವ ಷರತ್ತುಗಳಲ್ಲಿ ಇನ್ನೊಂದು ಸಾಲಿದೆ: ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಯಂತ್ರಕ್ಕೆ ಅತಿ ಒತ್ತಡ, ಶಾರ್ಟ್ ಸರ್ಕ್ಯೂಟ್, ಕಿಡಿ, ತಾನೇ ಕಾಯುವುದು, ವಿದ್ಯುತ್ ಸೋರಿಕೆ ಇವುಗಳಿಂದ ಆದ ಹಾನಿಗೆ ಪರಿಹಾರವಿಲ್ಲ, ಕಾರಣ ಏನೇ ಇರಲಿ, ಸಿಡಿಲೂ ಸೇರಿ. ಇದು ಹಾಳಾದ ಆ ಒಂದು ಯಂತ್ರಕ್ಕೆ ಮಾತ್ರ ಅನ್ವಯ. ಹಾಗಾದರೆ ಲೆಕ್ಕ ಹೀಗೆ. ಸಿಡಿಲು ನೇರ ಬಡಿದು ಪ್ಯಾನೆಲ್ ಸೀಳಿದರೆ, ಗೋಡೆ ಬಿರಿದರೆ ದುಡ್ಡು ಬರುತ್ತದೆ. ದೂರದ ಕಂಬಕ್ಕೆ ಬಿದ್ದ ಸಿಡಿಲು ಜೆಸ್ಕಾಂ ತಂತಿಯ ಮೂಲಕ ಒಳಬಂದು ಇನ್ವರ್ಟರ್‌ನ ಬೋರ್ಡ್ ಸುಟ್ಟರೆ ಕಂಪನಿ ಈ ಸಾಲನ್ನು ತೋರಿಸುತ್ತದೆ. ಅದೇ ಇನ್ವರ್ಟರ್‌ನಿಂದ ಬೆಂಕಿ ಹತ್ತಿ ಬಾಗಿಲು, ವೈರಿಂಗ್, ಪಕ್ಕದ ಕೋಣೆ ಸುಟ್ಟರೆ ಅವುಗಳಿಗೆ ಪರಿಹಾರ ಇದೆ, ಇನ್ವರ್ಟರ್‌ಗೆ ಮಾತ್ರ ಇಲ್ಲ. ನಮ್ಮ ಭಾಗದಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹೆಚ್ಚಾಗಿ ಆಗುವ ಹಾನಿ ಈ ಎರಡನೆಯ ಬಗೆಯದೇ. ಅಂದರೆ ಹೆಚ್ಚು ಸಂಭವಿಸುವುದಕ್ಕೇ ರಕ್ಷಣೆ ಕಡಿಮೆ.

ಇದಕ್ಕೆ ವಿಮೆಯಲ್ಲಿ ಇರುವ ದಾರಿ ಯಂತ್ರ ಸ್ಥಗಿತ ಅಥವಾ ಎಲೆಕ್ಟ್ರಾನಿಕ್ ಉಪಕರಣ ವಿಮೆ. ಕೆಲವು ಕಂಪನಿಗಳ ಗೃಹ ಪ್ಯಾಕೇಜ್ ಪಾಲಿಸಿಯಲ್ಲಿ ವಿದ್ಯುತ್ ಉಪಕರಣಗಳ ಸ್ಥಗಿತದ ವಿಭಾಗವೇ ಇರುತ್ತದೆ. ಅದರಲ್ಲಿ ಇನ್ವರ್ಟರ್ ಹೆಸರು ಸೇರಿಸಿಕೊಳ್ಳುತ್ತಾರೆಯೇ, ಎಷ್ಟು ವರ್ಷ ಹಳೆಯದರವರೆಗೆ, ಪ್ರತಿ ಕ್ಲೇಮಿನಲ್ಲಿ ನಿಮ್ಮ ಪಾಲು ಎಷ್ಟು, ಸವಕಳಿ ಎಷ್ಟು ಹಿಡಿಯುತ್ತಾರೆ ಎಂಬ ನಾಲ್ಕು ಪ್ರಶ್ನೆ ಕೇಳಿ. ನಿಮ್ಮ ಪಾಲು ಮತ್ತು ಸವಕಳಿ ಸೇರಿ ಇನ್ವರ್ಟರ್ ಬೆಲೆಯ ಅರ್ಧ ದಾಟಿದರೆ ಆ ಪ್ರೀಮಿಯಂ ದಂಡ. ಅದೇ ಹಣವನ್ನು ಸರ್ಜ್ ರಕ್ಷಕಕ್ಕೆ, ಅಂದರೆ ತಂತಿಯಲ್ಲಿ ಹಠಾತ್ ಏರುವ ವೋಲ್ಟೇಜನ್ನು ತಡೆಯುವ ಸಾಧನಕ್ಕೆ, ಹಾಕುವುದು ಮೇಲು.

ಸರ್ಜ್ ರಕ್ಷಕ ಡಿಸಿ ಡಬ್ಬಿಯಲ್ಲೂ ಎಸಿ ಡಬ್ಬಿಯಲ್ಲೂ ಒಂದೊಂದು, ಟೈಪ್ 2 ದರ್ಜೆಯದು ಇರಬೇಕು. ಡಬ್ಬಿ ತೆರೆದರೆ ಅದರ ಮೇಲೊಂದು ಪುಟ್ಟ ಕಿಟಕಿ ಕಾಣುತ್ತದೆ. ಹಸಿರಿದ್ದರೆ ಜೀವಂತ, ಕೆಂಪಾದರೆ ಒಳಗಿನ ಬಿಲ್ಲೆ ಸತ್ತಿದೆ. ಸತ್ತ ಮೇಲೂ ಸೋಲಾರ್ ಎಂದಿನಂತೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ, ಮುಂದಿನ ಸಿಡಿಲು ನೇರ ಇನ್ವರ್ಟರ್‌ಗೆ ಹೋಗುತ್ತದೆ. ಯುಗಾದಿ ಹೊತ್ತಿಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಆ ಕಿಟಕಿ ನೋಡಿ, ದಿನಾಂಕ ಕಾಣುವ ಫೋಟೋ ತೆಗೆದಿಡಿ. ಅರ್ಥಿಂಗ್ ಗುಂಡಿ ಮೂರು ಬೇರೆಬೇರೆ ಬೇಕು: ಮಿಂಚು ನಿರೋಧಕಕ್ಕೆ ಒಂದು, ಪ್ಯಾನೆಲ್ ಚೌಕಟ್ಟು ಮತ್ತು ಡಿಸಿ ಕಡೆಗೆ ಒಂದು, ಎಸಿ ಕಡೆಗೆ ಒಂದು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಅರ್ಥಿಂಗ್‌ಗೆ ಹೇಳಿ ಮಾಡಿಸಿದಂತಿರುತ್ತದೆ, ಬೇಸಿಗೆಯಲ್ಲಿ ಬಿರಿದು ಸರಳಿನಿಂದ ಬಿಟ್ಟುಕೊಳ್ಳುತ್ತದೆ. ಸಿಡಿಲು ಬರುವುದು ಸರಿಯಾಗಿ ಆ ಒಣ ಹೊತ್ತಿನಲ್ಲೇ. ಬೀದರ್‌ನ ಜಂಬಿಟ್ಟಿಗೆ ನೆಲದಲ್ಲಿ, ಶಹಾಬಾದ್ ಸುತ್ತಿನ ಕಲ್ಲು ನೆಲದಲ್ಲಿ ಇನ್ನೂ ಕಷ್ಟ. ಮಾರ್ಚ್‌ನಲ್ಲಿ ಅಳೆಸಿ, ರೋಧ 5 ಓಮ್ ಒಳಗಿರಲಿ. ಅಳತೆಯ ಚೀಟಿ ಕ್ಲೇಮಿನ ಕಡತದಲ್ಲಿ ದೊಡ್ಡ ಸಾಕ್ಷಿ.

ಗಾಳಿಯ ವಿಷಯಕ್ಕೆ ಬಂದರೆ, ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಲು, ಮೆಣಸಿನಕಾಯಿ ಒಣಗಿಸಲು ಜಾಗ ಬೇಕೆಂದು ಏಳೆಂಟು ಅಡಿ ಎತ್ತರದ ಚೌಕಟ್ಟು ಕಟ್ಟಿಸುವವರೇ ನಮ್ಮಲ್ಲಿ ಹೆಚ್ಚು. 6 ಪ್ಯಾನೆಲ್ ಸೇರಿದರೆ ಸುಮಾರು 165 ಚದರ ಅಡಿಯ ಹಲಗೆ, ತೂಕ 170 ಕೆಜಿ ಅಷ್ಟೇ. ಕೆಳಗಿನಿಂದ ನುಗ್ಗಿದ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಕಂಬದ ತಳ ಹಲಗೆಗೆ ನಾಲ್ಕು ಬೋಲ್ಟ್, ಕಾಂಕ್ರೀಟ್‌ನೊಳಗೆ ರಾಸಾಯನಿಕ ಆಂಕರ್ (ಅಂಟು ತುಂಬಿ ಕೂರಿಸಿದ ಬೋಲ್ಟ್), ತುಕ್ಕು ಹಿಡಿಯದ ಸ್ಟೀಲ್ ನಟ್ಟು, ಗಾಳಿ ಹೊರೆಯನ್ನು ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದಂತೆ ಲೆಕ್ಕ ಹಾಕಿದ ಎಂಜಿನಿಯರ್ ಸಹಿಯ ನಕ್ಷೆ, ಇಷ್ಟು ನಿಮ್ಮ ಬಳಿ ಇದ್ದರೆ ‘ಕಟ್ಟಿದ್ದೇ ಸರಿಯಿರಲಿಲ್ಲ’ ಎಂಬ ವಾದ ನಿಲ್ಲದು. ಹಳೆಯ ಪರಸಿ ಕಲ್ಲಿನ ಛಾವಣಿಗೋ ಮಣ್ಣಿನ ಮಾಳಿಗೆಗೋ ಆಂಕರ್ ಕೊರೆದಿದ್ದರೆ ಚಿಂತೆ ಪಡಬೇಕಾದದ್ದೇ. ಕಲ್ಲು ಸೀಳುತ್ತದೆ, ಮಣ್ಣು ಹಿಡಿಯುವುದಿಲ್ಲ. ಗೋಡೆಯ ಮೇಲೆ ಭಾರ ಇಳಿಯುವಂತೆ ತೊಲೆ ಹಾಕಿಸಬೇಕು.

ಹಾರಿದ ಪ್ಯಾನೆಲ್ ಪಕ್ಕದ ಮನೆಯವರ ಕಾರಿನ ಮೇಲೆ ಬಿದ್ದರೆ? ಯಾರಿಗಾದರೂ ಪೆಟ್ಟಾದರೆ? ಭಾರತ್ ಗೃಹ ರಕ್ಷಾ ನಿಮ್ಮ ಆಸ್ತಿಗೆ ಮಾತ್ರ. ಮೂರನೆಯವರಿಗೆ ನೀವು ಕೊಡಬೇಕಾದ ಪರಿಹಾರ ಅದರಲ್ಲಿ ಇಲ್ಲ. ಗೃಹ ಪ್ಯಾಕೇಜ್ ಪಾಲಿಸಿಯ ಸಾರ್ವಜನಿಕ ಹೊಣೆಗಾರಿಕೆ ವಿಭಾಗ ತೆಗೆದುಕೊಳ್ಳಲೇಬೇಕೆಂದು ನಾನು ಹೇಳುವುದು ಇದೊಂದೇ ಕಾರಣಕ್ಕೆ. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ಎತ್ತರದ ಚೌಕಟ್ಟು ಇಟ್ಟುಕೊಂಡವರಿಗೆ ಇದು ಪ್ಯಾನೆಲ್ ವಿಮೆಗಿಂತ ಮುಖ್ಯ.

ಕಳ್ಳತನಕ್ಕೆ ಮೂಲ ಪಾಲಿಸಿಯಲ್ಲಿ ಇರುವ ರಕ್ಷಣೆ ಇಷ್ಟೇ: ಬೆಂಕಿ, ನೆರೆಯಂಥ ಘಟನೆ ನಡೆದು, ಅದರಿಂದಾಗಿಯೇ 7 ದಿನದೊಳಗೆ ಕಳ್ಳತನವಾದರೆ ಮಾತ್ರ. ಸುಮ್ಮನೆ ಒಂದು ರಾತ್ರಿ ತಾಮ್ರದ ಕೇಬಲ್ ಕತ್ತರಿಸಿಕೊಂಡು ಹೋದರೆ ಇಲ್ಲ. ಬೇರೆಯಾಗಿ ಕನ್ನಗಳವು ವಿಮೆ ಮಾಡಿಸಿದರೂ ‘ಬಲವಂತದ ಪ್ರವೇಶ’ ಎಂಬ ಷರತ್ತು ಇರುವುದು ಹೆಚ್ಚು. ಹೊರಮೆಟ್ಟಿಲಿನಿಂದ ತೆರೆದ ಮಾಳಿಗೆಗೆ ಹತ್ತಿದವನು ಯಾವ ಬೀಗ ಮುರಿದ? ಆದ್ದರಿಂದ ‘ತೆರೆದ ಛಾವಣಿಯ ಸೌರ ಘಟಕದ ಕಳವು ಸೇರಿದೆ’ ಎಂದು ಬರೆದುಕೊಟ್ಟರೆ ಮಾತ್ರ ಕೊಳ್ಳಿ. ಮೆಟ್ಟಿಲಿಗೊಂದು ಕಬ್ಬಿಣದ ಬಾಗಿಲು ಹಾಕಿಸುವುದು ಹೇಗೂ ಒಳ್ಳೆಯದು.

ಮಂಗಗಳ ವಿಷಯ: ಹೊರಗಿನ ವಸ್ತು ಬಡಿದ ಹಾನಿ ಪಟ್ಟಿಯಲ್ಲಿದೆ. ಮಂಗ ಉರುಳಿಸಿದ ಕಲ್ಲೋ ಹೆಂಚೋ ಬಿದ್ದು ಗಾಜು ಒಡೆದರೆ ವಾದಿಸಬಹುದು, ಮಂಗ ಕೇಬಲ್ ಕಿತ್ತರೆ ಆ ಪಟ್ಟಿಯಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಕೇಬಲನ್ನು ಪೈಪಿನೊಳಗೆ ಹಾಯಿಸಿ. ವಾಡಿ, ಮಳಖೇಡ ಸುತ್ತ ಸಿಮೆಂಟ್ ಧೂಳು ಗಟ್ಟಿಯಾಗಿ ಕೂತು ಪ್ಯಾನೆಲ್ ಸುಡುವುದು, ಬಿಸಿಲಿಗೆ ಇನ್ವರ್ಟರ್ ಸವೆಯುವುದು ನಿರ್ವಹಣೆಯ ಮಾತು, ವಿಮೆಯದಲ್ಲ. ಘಟಕ ಕೆಟ್ಟು ನಿಂತ ತಿಂಗಳ ಜೆಸ್ಕಾಂ ಬಿಲ್ಲೂ ವಿಮೆಯಿಂದ ಬರದು.

ಹಾನಿ ಆದ ದಿನ ಮಾಡಬೇಕಾದ್ದು. ಮೊದಲು ಎಸಿ ಕಡೆಯ ಎಂಸಿಬಿ ಇಳಿಸಿ, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸಂಪರ್ಕ ಕಡಿಯುವ ಸ್ವಿಚ್). ಗಾಜು ಒಡೆದ ಪ್ಯಾನೆಲ್ ಬಿಸಿಲಲ್ಲಿ ಇನ್ನೂ ವಿದ್ಯುತ್ ಹುಟ್ಟಿಸುತ್ತಲೇ ಇರುತ್ತದೆ. ಆರು ಸಾಲಾಗಿ ಸೇರಿದರೆ ಸುಮಾರು 300 ವೋಲ್ಟ್ ಡಿಸಿ. ಒದ್ದೆ ಮಾಳಿಗೆ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಲು ಬಿಡಬೇಡಿ. ದೂರದಿಂದಲೇ ಫೋಟೋ, ವಿಡಿಯೊ ತೆಗೆಯಿರಿ. ಆಲಿಕಲ್ಲು ಕರಗುವ ಮೊದಲು ಒಂದು ಸ್ಕೇಲ್ ಪಕ್ಕದಲ್ಲಿಟ್ಟು ಚಿತ್ರ ತೆಗೆದರೆ ಅದರಷ್ಟು ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಅದೇ ದಿನ ಕಂಪನಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ಕ್ಲೇಮ್ ಅರ್ಜಿ ಹಾನಿ ಕಂಡ 30 ದಿನದೊಳಗೆ ತಲುಪಬೇಕು. ಕಳ್ಳತನ, ಗಲಭೆಗೆ ಪೊಲೀಸ್ ಎಫ್‌ಐಆರ್ ಬೇಕೇ ಬೇಕು. ಬಿರುಗಾಳಿ ಬಂದದ್ದಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಹವಾಮಾನ ದಾಖಲೆ, ಮರುದಿನದ ಸ್ಥಳೀಯ ಪತ್ರಿಕೆಯ ವರದಿ ಜೋಡಿಸಿ. ಸರ್ವೇಯರ್ ನೋಡುವ ಮುಂಚೆ ಏನನ್ನೂ ಬಿಚ್ಚಿ ಗುಜರಿಗೆ ಹಾಕಬೇಡಿ. ಸುಟ್ಟ ಸರ್ಜ್ ರಕ್ಷಕವನ್ನೂ ಜೋಪಾನ ಮಾಡಿ.

ಬ್ಯಾಂಕಿನ ಸಾಲ ಇರುವ ತನಕ ಪರಿಹಾರದ ಹಣ ಬ್ಯಾಂಕಿನ ಕೈಗೆ ಹೋಗಬಹುದು. ಷೆಡ್ಯೂಲ್‌ನಲ್ಲಿ ಬ್ಯಾಂಕಿನ ಹೆಸರಿದ್ದರೆ, ಅದನ್ನು ದುರಸ್ತಿಗೆ ಬಿಡುಗಡೆ ಮಾಡಲು ಶಾಖೆಗೆ ಅರ್ಜಿ ಕೊಡಬೇಕಾಗುತ್ತದೆ.

ಇನ್ನೊಂದು ಮುಂಜಾಗ್ರತೆ: ಪ್ಯಾನೆಲ್ ಮಾದರಿಗಳು ಬೇಗ ಬದಲಾಗುತ್ತವೆ. ಐದಾರು ವರ್ಷದ ನಂತರ ಒಂದು ಒಡೆದರೆ ಅದೇ ಕರೆಂಟಿನದು ಸಿಗದಿರಬಹುದು. ಸಾಲಿನಲ್ಲಿ ಕಡಿಮೆ ಕರೆಂಟಿನದು ಉಳಿದೆಲ್ಲವನ್ನೂ ಎಳೆದು ಹಿಡಿಯುತ್ತದೆ. ಹಾಗೆಂದು ವಿಮೆ ಆರೂ ಪ್ಯಾನೆಲ್ ಬದಲಿಸಲು ಕೊಡುವುದಿಲ್ಲ, ಒಡೆದ ಒಂದಕ್ಕೆ ಕೊಡುತ್ತದೆ. ಅದೇ ಮಾದರಿಯ ಒಂದು ಹೆಚ್ಚುವರಿ ಪ್ಯಾನೆಲ್ಲನ್ನು ಈಗಲೇ ಕೊಂಡು, ಗೋಡೆಗೆ ನೆಟ್ಟಗೆ ಒರಗಿಸಿ ಇಡಿ.

ಕಂಪನಿ ಕ್ಲೇಮು ತಿರಸ್ಕರಿಸಿದರೆ ಯಾವ ಷರತ್ತಿನ ಯಾವ ಸಾಲಿನಂತೆ ಎಂದು ಲಿಖಿತವಾಗಿ ಕೇಳಿ. ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಜೊತೆಗೇ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿ ದಾಖಲಿಸಬಹುದು, ಅದರ ಸಹಾಯವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದದ್ದು ಸರಿಯೆನಿಸದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆಯ ತಕರಾರು ತೀರ್ಮಾನಿಸುವ ಅಧಿಕಾರಿ) ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಅರ್ಜಿ ಸೇರಬೇಕು. ಅದು ಬೇಡವೆಂದರೆ ಕಲಬುರಗಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ, ಆದರೆ ಒಂದೇ ತಕರಾರನ್ನು ಎರಡೂ ಕಡೆ ಒಟ್ಟಿಗೆ ನಡೆಸಲು ಬರುವುದಿಲ್ಲ.